ಶೋರೂಮ್ ಸುತ್ತ ಒಂದು ರೌಂಡ್ ಸಾಲದು

ಲಕ್ಷಗಟ್ಟಲೆ ಕೊಟ್ಟು ಕಾರು ತಗೊಳ್ತೀರಿ. ಓಡಿಸಿ ನೋಡೋದು ಮಾತ್ರ ಹತ್ತೇ ನಿಮಿಷ, ಅದೂ ಶೋರೂಮ್‌ನವರು ತೋರಿಸಿದ ನುಣುಪು ರಸ್ತೆಯಲ್ಲಿ. ಸಾಲದು ರೀ, ಖಂಡಿತ ಸಾಲದು.

ಮೊದಲು ಫೋನ್ ಮಾಡಿ. ನೀವು ಕೊಳ್ಳೋ ಎಂಜಿನ್, ಅದೇ ಗೇರ್‌ಬಾಕ್ಸ್ ಇರೋ ಗಾಡಿನೇ ಬೇಕು ಅನ್ನಿ. ಮ್ಯಾನುಯಲ್ ಓಡಿಸಿ ಎಎಂಟಿ ಬುಕ್ ಮಾಡಬೇಡಿ. ಎಎಂಟಿಯಲ್ಲಿ ಗೇರ್ ಬದಲಾಗುವಾಗ ಗಾಡಿ ಸ್ವಲ್ಪ ತಡೆದ ಹಾಗಾಗುತ್ತೆ; ಅದು ನಿಮಗೆ ಒಗ್ಗುತ್ತಾ ಅನ್ನೋದು ಓಡಿಸಿದ್ರೇನೇ ಗೊತ್ತಾಗೋದು. ಡಿಎಲ್ ಜೊತೆಗಿರಲಿ.

ಮನೆಯವರನ್ನೆಲ್ಲ ಕರ್ಕೊಂಡು ಹೋಗಿ. ಐದು ಜನ ಕೂತಾಗಲೇ ಗಾಡಿಯ ನಿಜವಾದ ದಮ್ಮು ಕಾಣೋದು. ಹಂಪ್ ಮೇಲೆ ಅಡಿ ತಾಗುತ್ತಾ? ಎಸಿ ಹಾಕಿ ಏರು ಹತ್ತಿಸಿದ್ರೆ ಎಂಜಿನ್ ಏದುಸಿರು ಬಿಡುತ್ತಾ? ಶಿರಾಡಿ ಘಾಟ್‌ನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಬೇಕಾಗೋದು ಇದೇ ಪುಲ್ಲಿಂಗ್. ಅಜ್ಜಿ ಮಂಡಿ ನೋಯದೆ ಹತ್ತಿ ಇಳೀತಾರಾ, ಅದನ್ನೂ ನೋಡಿ. ನನ್ನ ಪ್ರಕಾರ ಸನ್‌ರೂಫ್‌ಗಿಂತ ಅದು ದೊಡ್ಡದು.

ಮ್ಯೂಸಿಕ್ ಆಫ್ ಮಾಡಿ, ಕಿಟಕಿ ಏರಿಸಿ, ಟೈರಿನ ಸದ್ದು ಕೇಳಿ.

ಎಷ್ಟೋ ಡೀಲರ್‌ಗಳು ಗಾಡಿನ ಮನೆಗೇ ತರ್ತಾರೆ. ತರಿಸಿ. ನಿಮ್ಮ ಗಲ್ಲಿಯಲ್ಲೇ ತಿರುಗಿಸಿ, ನಿಮ್ಮ ಪಾರ್ಕಿಂಗ್‌ನಲ್ಲೇ ರಿವರ್ಸ್ ಹಾಕಿ. ಕತ್ತಲಾದ್ಮೇಲೆ ಬಂದ್ರೆ ಇನ್ನೂ ಒಳ್ಳೇದು, ಹೆಡ್‌ಲೈಟ್ ಬೆಳಕೂ ಗೊತ್ತಾಗುತ್ತೆ. ಬುಕಿಂಗ್ ಅಡ್ವಾನ್ಸ್ ಮಾತು ಅಲ್ಲಿವರೆಗೂ ಬೇಡ.