ಮೂರನೇ ವಾರದ ನಡಿಗೆ

ಕಿಮೋ ಮುಗಿಸಿಕೊಂಡು ಸೋಲಾಪುರದಿಂದಲೋ ವಿಜಯಪುರದಿಂದಲೋ ಬಂದು ಇಂಡಿಯಲ್ಲಿ ಬಸ್ ಇಳಿದ ಹೆಣ್ಣುಮಗಳಿಗೆ ಮನೆಯಲ್ಲಿ ಮೊದಲು ಕೇಳಿಸುವ ಮಾತು, ‘ನೀ ಸುಮ್ನ ಮಕ್ಕೋ ಯವ್ವಾ, ಏನೂ ಮಾಡಬ್ಯಾಡ’. ಆ ಮಾತಿನ ತುಂಬ ಅಕ್ಕರೆಯೇ ಇದೆ. ಆದರೆ ವಾರಗಟ್ಟಲೆ ಮಲಗಿದ ಮೈಯಲ್ಲಿ ಸ್ನಾಯು ಕರಗುತ್ತದೆ, ಹಿತ್ತಲಿಗೆ ಹೋಗಿ ಬಂದರೂ ಏದುಸಿರು ಬರುತ್ತದೆ. ದಣಿವಾಯಿತೆಂದು ಮಲಗುವುದು, ಮಲಗಿದ್ದಕ್ಕೇ ಮತ್ತೆ ದಣಿಯುವುದು.

2019ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಕ್ಯಾನ್ಸರ್ ರೋಗಿಗಳಿಗೆ ಒಂದು ಅಳತೆ ಹೇಳಿದರು: ವಾರಕ್ಕೆ ಮೂರು ಸಲ, ಸಲಕ್ಕೆ 30 ನಿಮಿಷ, ಮಾತಾಡುತ್ತ ನಡೆಯಬಹುದಾದಷ್ಟು ಬಿರುಸು. ಹೀಗೆ ಸುಮಾರು 12 ವಾರ ಮಾಡಿದರೆ ದಣಿವು, ಆತಂಕ, ಖಿನ್ನತೆ ಇಳಿಯುತ್ತವೆ. ಓದಲು ಸುಲಭ. ಕಿಮೋದ ಮರುದಿನ ಹಾಸಿಗೆಯಿಂದ ಏಳಲಾರದವರಿಗೆ ಆ 30 ನಿಮಿಷ ಬೆಟ್ಟದಷ್ಟು.

ತಾಳ್ಮೆ ಬೇಕಾಗುವುದು ಇಲ್ಲಿಯೇ, ಅದಕ್ಕೊಂದು ಲೆಕ್ಕವೂ ಬೇಕು. ಅನೇಕ ಕಿಮೋಗಳನ್ನು 21 ದಿನಕ್ಕೊಮ್ಮೆ ಕೊಡುತ್ತಾರೆ. ಮೊದಲ ದಿನಗಳಲ್ಲಿ ವಾಕರಿಕೆ, ನಿಶ್ಶಕ್ತಿ. ಎರಡನೇ ವಾರದ ಹೊತ್ತಿಗೆ ಬಿಳಿ ರಕ್ತಕಣ ಇಳಿದು ಸೋಂಕಿನ ಭಯ. ಮೂರನೇ ವಾರ ಮೈ ಸ್ವಲ್ಪ ಹಗುರ. ಆದ್ದರಿಂದ ಇವತ್ತಿನ ನಡಿಗೆಯನ್ನು ನಿನ್ನೆಯದಕ್ಕೆ ಹೋಲಿಸಿದರೆ ನಿರಾಶೆಯೇ ಗತಿ. ಈ ಸಲದ ಮೂರನೇ ವಾರವನ್ನು ಕಳೆದ ಸಲದ ಮೂರನೇ ವಾರದೊಂದಿಗೆ ಹೋಲಿಸುವುದು ನ್ಯಾಯ. ಕೆಟ್ಟ ದಿನಗಳಲ್ಲಿ ಪಡಸಾಲೆಯಲ್ಲೇ ಐದು ನಿಮಿಷ ಅಡ್ಡಾಡಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಲಂಡನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಧೈರ್ಯ ಕೊಡುತ್ತದೆ. ಹೊಸ ರೂಢಿ ಬೆಳೆಸಿಕೊಳ್ಳಲು ಹೊರಟ 96 ಜನರಲ್ಲಿ ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕಾಗುವ ಅಂದಾಜಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಮುರಿದುಬೀಳಲಿಲ್ಲ. ಅವರು ಆರೋಗ್ಯವಂತರು, ಕಾಯಿಲೆಯವರಿಗೆ ಇನ್ನೂ ಹೆಚ್ಚು ಸಮಯ ಹಿಡಿದರೆ ಅದು ಸೋಲಲ್ಲ.

ಸಿಂದಗಿ, ಮುದ್ದೇಬಿಹಾಳದ ಬಿಸಿಲಿಗೂ ಒಂದು ಲೆಕ್ಕವಿದೆ. ಬ್ಯಾಸಗಿಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ನಡಿಗೆ ಸೂರ್ಯ ಏಳುವ ಮೊದಲೇ ಮುಗಿಯಬೇಕು, ಇಲ್ಲವೇ ಸಂಜೆಗೆ ಕಾಯಬೇಕು. ಜ್ವರ, ತಲೆಸುತ್ತು, ಎದೆನೋವು ಇದ್ದರೆ, ರಕ್ತ ತೀರಾ ಕಡಿಮೆಯಾಗಿದ್ದರೆ ಅವತ್ತು ಬೇಡವೇ ಬೇಡ. ಎಲುಬಿಗೆ ಹರಡಿದ ಕ್ಯಾನ್ಸರ್ ಇದ್ದವರು ವೈದ್ಯರನ್ನು ಕೇಳದೆ ಭಾರ ಎತ್ತಬಾರದು.

ಸ್ತನದ ಶಸ್ತ್ರಚಿಕಿತ್ಸೆಯಾದವರದು ಬೇರೆಯೇ ಅಂಜಿಕೆ. ಕೈ ಬಾತೀತೆಂದು ಬಸವನ ಬಾಗೇವಾಡಿಯ ಹಳ್ಳಿಗಳಲ್ಲೂ ತುಂಬಿದ ಕೊಡ ಮುಟ್ಟಲು, ರೊಟ್ಟಿ ಬಡಿಯಲು ಹೆದರುತ್ತಾರೆ. ಅಮೆರಿಕದಲ್ಲಿ ಈಗಾಗಲೇ ಕೈ ಬಾತಿದ್ದ 141 ಹೆಂಗಸರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಈ ಹೆದರಿಕೆಯನ್ನು ತಗ್ಗಿಸಿತು. ತರಬೇತುದಾರರ ಕಣ್ಣೆದುರು ಹಗುರ ತೂಕದಿಂದ ಶುರುಮಾಡಿ ನಿಧಾನ ಏರಿಸಿದವರಲ್ಲಿ ಬಾವು ಉಲ್ಬಣಿಸಿದ್ದು ಶೇ. 14 ಮಂದಿಗೆ, ತೂಕ ಎತ್ತದವರಲ್ಲಿ ಶೇ. 29 ಮಂದಿಗೆ. ಹಾಗೆಂದು ಹೊಲಿಗೆ ಬಿಚ್ಚಿದ ವಾರವೇ ಕೊಡ ಹೊರುವಂತಿಲ್ಲ. ಗೋಡೆಯ ಮೇಲೆ ಬೆರಳು ನಡೆಸಿ ತೋಳನ್ನು ಮೇಲಕ್ಕೊಯ್ಯುವ ವ್ಯಾಯಾಮದಿಂದ ರೊಟ್ಟಿ ಬಡಿಯುವವರೆಗಿನ ದಾರಿ ತಿಂಗಳುಗಳದ್ದು.

ತಂಬಾಕು, ಗುಟ್ಕಾದಿಂದ ಬಾಯಿ, ಗಂಟಲಿನ ಕ್ಯಾನ್ಸರಿಗೆ ತುತ್ತಾದ ಗಂಡಸರ ಪಾಡು ಇನ್ನೂ ಕಷ್ಟ. ನುಂಗಲಾಗದೆ ತೂಕ ಇಳಿಯುತ್ತಿರುವಾಗ ವ್ಯಾಯಾಮ ಹೇಗೆ ಸಾಧ್ಯ? ಕರಾವಳಿ ಕರ್ನಾಟಕದ ಫಿಸಿಯೋಥೆರಪಿ ತಜ್ಞರು ಕಿಮೋ, ವಿಕಿರಣ ಎರಡನ್ನೂ ಪಡೆಯುತ್ತಿದ್ದ ಇಂಥ 148 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. 11 ವಾರ ವ್ಯಾಯಾಮ ಮಾಡಿದವರ ನಡೆಯುವ ಶಕ್ತಿ ಉಳಿಯಿತು, ಮಾಡದವರದು ಕುಗ್ಗಿತು.

ಚಿಕಿತ್ಸೆ ಮುಗಿದ ಮೇಲಿನ ಕಾಲ ಇನ್ನೂ ಉದ್ದ. 2025ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ ದೊಡ್ಡ ಕರುಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 889 ಜನರನ್ನು ಗಮನಿಸಿತ್ತು. ಎಂಟು ವರ್ಷದ ಬಳಿಕ, ಮೂರು ವರ್ಷಗಳ ವ್ಯಾಯಾಮ ಕಾರ್ಯಕ್ರಮದಲ್ಲಿದ್ದವರಲ್ಲಿ ಸುಮಾರು ಶೇ. 90 ಮಂದಿ ಬದುಕಿದ್ದರು. ಬರೀ ಪುಸ್ತಿಕೆ ಪಡೆದವರಲ್ಲಿ ಶೇ. 83. ಇಲ್ಲಿ ಕಣ್ಣಿಡಬೇಕಾದದ್ದು ಆ ಕಾರ್ಯಕ್ರಮದ ಕ್ರಮದ ಮೇಲೆ: ಮೊದಲ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಒಬ್ಬರು ಎದುರು ಕೂತು ವಿಚಾರಿಸುತ್ತಿದ್ದರು. ನಮ್ಮ ತಾಲೂಕುಗಳಲ್ಲಿ ಆ ಒಬ್ಬರು ಯಾರೂ ಆಗಬಹುದು. ಮಗಳಾಗಬಹುದು, ಓಣಿಯ ಗೆಳತಿಯಾಗಬಹುದು, ಆಶಾ ಕಾರ್ಯಕರ್ತೆಯಾಗಬಹುದು. ‘ಗುಳಿಗಿ ತಗೊಂಡ್ರೇನ್ರಿ’ ಎಂದು ಕೇಳಿದ ಮೇಲೆ ‘ನಿನ್ನೆ ಎಷ್ಟು ನಡದ್ರಿ ಯಕ್ಕಾ’ ಎಂದೂ ಕೇಳಲಿ.