ಸಂಯೋಜಕ ಕ್ರಿಯಾಪದ ಮತ್ತು ಕರ್ತೃಪೂರಕ: ಆದೇಶ ಪರೀಕ್ಷೆಯ ಮಿತಿ

ಇಂಗ್ಲಿಷಿನ ಸಂಯೋಜಕ ಕ್ರಿಯಾಪದಗಳನ್ನು ಗುರುತಿಸಲು ಬೋಧನೆಯಲ್ಲಿ ಸಾಮಾನ್ಯವಾಗಿ ಬಳಸುವುದು ಆದೇಶ ಪರೀಕ್ಷೆಯನ್ನು: ಕ್ರಿಯಾಪದದ ಸ್ಥಾನದಲ್ಲಿ 'ಬಿ' ಧಾತುವಿನ ರೂಪವನ್ನಿಟ್ಟಾಗಲೂ ವಾಕ್ಯ ಸಾಧುವಾಗಿದ್ದರೆ ಅದು ಸಂಯೋಜಕ. ಈ ಪರೀಕ್ಷೆ ಸಾಲದೆಂಬುದು ನಮ್ಮ ನಿಲುವು. 'ಹಿ ಡೈಡ್ ಯಂಗ್' ಎಂಬಲ್ಲಿ 'ವಾಸ್' ಇಟ್ಟರೂ ವಾಕ್ಯ ಸಾಧುವೇ. ಆದರೆ 'ಡೈ' ಸಂಯೋಜಕವಲ್ಲ. 'ಯಂಗ್' ಕರ್ತೃವನ್ನು ವರ್ಣಿಸುತ್ತದೆ, ನಿಜ. ಕ್ರಿಯಾಪದ ಅದನ್ನು ಅಪೇಕ್ಷಿಸುವುದಿಲ್ಲ. ಕೈಬಿಟ್ಟರೂ ಸಾವಿನ ಸಂಗತಿ ಉಳಿಯುತ್ತದೆ. 'ಹಿ ಸೀಮ್ಡ್ ಯಂಗ್' ಎಂಬಲ್ಲಿ ಅಂಥ ಲೋಪ ಸಲ್ಲದು.

ತೊಡಕಿರುವುದು ಇಂದ್ರಿಯವಾಚಿಗಳಲ್ಲಿ. 'ದ ಸೂಪ್ ಸ್ಮೆಲ್ಸ್ ಗುಡ್' ಎಂಬುದರಿಂದ 'ಗುಡ್' ತೆಗೆದರೆ ವಾಕ್ಯ ನಿಲ್ಲುತ್ತದೆ, ಅರ್ಥ ಮಾತ್ರ ದುರ್ವಾಸನೆಯತ್ತ ತಿರುಗುತ್ತದೆ! ಆದ್ದರಿಂದ ಲೋಪ ಪರೀಕ್ಷೆಯಲ್ಲಿ ವ್ಯಾಕರಣಶುದ್ಧಿಯನ್ನಷ್ಟೇ ನೋಡಿದರೆ ಸಾಲದು. ಮೂಲ ವಾಕ್ಯ ಸತ್ಯವಾದಾಗ ಉಳಿದ ವಾಕ್ಯವೂ ಸತ್ಯವೇ ಎಂಬುದನ್ನು ನೋಡಬೇಕು. ಹಡಲ್‌ಸ್ಟನ್ ಮತ್ತು ಪುಲ್ಲಮ್ ಅವರ 2002ರ ವ್ಯಾಕರಣವು ವಿಧೇಯಾತ್ಮಕ ಪದಗಳಲ್ಲಿ ಪೂರಕವನ್ನೂ ಅನುಬಂಧವನ್ನೂ ಬೇರ್ಪಡಿಸುವುದು ಇಲ್ಲಿ ಉಪಯುಕ್ತ.

ಕನ್ನಡ ಮಾತೃಭಾಷೆಯ ವಿದ್ಯಾರ್ಥಿ 'ಶಿ ಲುಕ್ಸ್ ಬ್ಯೂಟಿಫುಲಿ' ಎಂದು ಬರೆದರೆ ಅದನ್ನು ಬರಿಯ ಅಜಾಗರೂಕತೆ ಎನ್ನಲಾಗದು. 'ಸುಂದರವಾಗಿ ಹಾಡುತ್ತಾಳೆ', 'ಸುಂದರವಾಗಿ ಕಾಣುತ್ತಾಳೆ' ಎರಡಕ್ಕೂ ಕನ್ನಡದಲ್ಲಿ '-ಆಗಿ' ರೂಪ ಒಂದೇ. ಇಂಗ್ಲಿಷ್ ಮೊದಲನೆಯದಕ್ಕೆ ಕ್ರಿಯಾವಿಶೇಷಣವನ್ನೂ ಎರಡನೆಯದಕ್ಕೆ ಗುಣವಾಚಕವನ್ನೂ ಬೇಡುತ್ತದೆ. 'ಲುಕ್' ಎಂಬುದನ್ನು ಸಂಯೋಜಕಗಳ ಪಟ್ಟಿಗೆ ಸೇರಿಸಿ ಬಾಯಿಪಾಠ ಮಾಡಿಸುವುದೂ ಪರಿಹಾರವಲ್ಲ: 'ಶಿ ಲುಕ್ಡ್ ಆಂಗ್ರಿಲಿ ಅಟ್ ಹಿಮ್' ಎಂಬಲ್ಲಿ ಅದೇ ಪದ ನೋಡುವ ಕ್ರಿಯೆಯನ್ನು ಹೇಳುತ್ತದೆ, ಕ್ರಿಯಾವಿಶೇಷಣವನ್ನೇ ಪಡೆಯುತ್ತದೆ.