ದೂರದಿಂದ ದತ್ತಾಂಶ ಅಳಿಸುವಿಕೆ

ದೂರದಿಂದ ದತ್ತಾಂಶ ಅಳಿಸುವಿಕೆ (ರಿಮೋಟ್ ವೈಪ್) ಎಂದರೆ ಕಳೆದುಹೋದ ಅಥವಾ ಕಳುವಾದ ಟ್ಯಾಬ್ಲೆಟ್, ಮೊಬೈಲ್ ಅಥವಾ ಲ್ಯಾಪ್‌ಟಾಪಿನಲ್ಲಿರುವ ಮಾಹಿತಿಯನ್ನು ಅದರ ಮಾಲೀಕರು ಬೇರೊಂದು ಸಾಧನದಿಂದ ಅಂತರಜಾಲದ ಮೂಲಕ ಆಜ್ಞೆ ಕಳುಹಿಸಿ ಅಳಿಸಿಹಾಕುವ ವಿಧಾನ. ಸಾಧನವನ್ನು ಮರಳಿ ಪಡೆಯುವುದು ಇದರ ಉದ್ದೇಶವಲ್ಲ. ಅದರಲ್ಲಿರುವ ಛಾಯಾಚಿತ್ರಗಳು, ಪತ್ರವ್ಯವಹಾರ, ಗುರುತಿನ ದಾಖಲೆಗಳು ಮತ್ತು ಬ್ಯಾಂಕಿನ ವಿವರಗಳು ಪರರ ಕೈಸೇರದಂತೆ ತಡೆಯುವುದಷ್ಟೇ ಇದರಿಂದ ಸಾಧ್ಯ.

ಹಿನ್ನೆಲೆ

ಆರಂಭದಲ್ಲಿ ಈ ಸೌಲಭ್ಯವು ಬ್ಲ್ಯಾಕ್‌ಬೆರಿ ಬಳಸುತ್ತಿದ್ದ ದೊಡ್ಡ ಸಂಸ್ಥೆಗಳ ನೌಕರರಿಗೆ ಸೀಮಿತವಾಗಿತ್ತು. ಆಪಲ್ ಸಂಸ್ಥೆ 2009ರಲ್ಲಿ ಐಫೋನಿಗೂ, ಗೂಗಲ್ 2013ರಲ್ಲಿ ಆಂಡ್ರಾಯ್ಡ್ ಸಾಧನಗಳಿಗೂ ಇದನ್ನು ಒದಗಿಸಿದವು. ಗೂಗಲ್‌ನ ಸೇವೆ 2017ರಿಂದ ‘ಫೈಂಡ್ ಮೈ ಡಿವೈಸ್’ ಎಂಬ ಹೆಸರಿನಲ್ಲಿತ್ತು. 2025ರಲ್ಲಿ ಅದನ್ನು ‘ಫೈಂಡ್ ಹಬ್’ ಎಂದು ಬದಲಾಯಿಸಲಾಯಿತು.

ಕರ್ನಾಟಕದಲ್ಲಿ ಟ್ಯಾಬ್ಲೆಟ್ ಬಹಳ ಕಾಲ ಅನುಕೂಲಸ್ಥರ ವಸ್ತುವಾಗಿತ್ತು. ಕೋವಿಡ್ ಕಾಲದಲ್ಲಿ, 2021ರ ಜೂನ್ ತಿಂಗಳಲ್ಲಿ, ರಾಜ್ಯ ಸರ್ಕಾರವು ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಿಸುವ ಯೋಜನೆಗೆ ಚಾಲನೆ ನೀಡಿತು. ಪಾಠಕ್ಕೆಂದು ಬಂದ ಸಾಧನದಲ್ಲಿ ಆಧಾರ್ ಪ್ರತಿ, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಖಾತೆಯ ವಿವರ ಬಂದು ಸೇರುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ಒಂದೇ ಸಾಧನವನ್ನು ಮನೆಮಂದಿಯೆಲ್ಲ ಬಳಸುವ ಕುಟುಂಬಗಳಲ್ಲಿ ಅದು ಕಳೆದುಹೋದರೆ ಎಲ್ಲರ ಮಾಹಿತಿಯೂ ಒಟ್ಟಿಗೆ ಹೊರಬೀಳುತ್ತದೆ.

ಕಾರ್ಯವಿಧಾನ

ಸಾಧನವು ಮಾಲೀಕರ ಗೂಗಲ್ ಅಥವಾ ಆಪಲ್ ಖಾತೆಗೆ ಸೇರಿದ್ದು, ಪತ್ತೆಹಚ್ಚುವ ಸೌಲಭ್ಯವು ಮೊದಲೇ ಚಾಲನೆಯಲ್ಲಿರಬೇಕು. ಕಳೆದ ಮೇಲೆ ಅದನ್ನು ಹೊಸದಾಗಿ ಅಳವಡಿಸಲು ಬರುವುದಿಲ್ಲ. ಮಾಲೀಕರು ಮತ್ತೊಂದು ಮೊಬೈಲ್ ಅಥವಾ ಗಣಕಯಂತ್ರದಿಂದ ಖಾತೆಗೆ ಪ್ರವೇಶಿಸಿದಾಗ ಸಾಧನವನ್ನು ನಕ್ಷೆಯಲ್ಲಿ ನೋಡುವುದು, ಸದ್ದು ಮಾಡಿಸುವುದು, ಬೀಗ ಹಾಕುವುದು ಮತ್ತು ಅಳಿಸುವುದು ಎಂಬ ಆಯ್ಕೆಗಳು ದೊರೆಯುತ್ತವೆ. ಎರಡು ಹಂತದ ದೃಢೀಕರಣವಿದ್ದು, ಸಂಕೇತಸಂಖ್ಯೆಯು ಕಳೆದ ಸಾಧನದಲ್ಲಿದ್ದ ಸಿಮ್‌ಗೇ ಬರುವಂತಿದ್ದರೆ ಮಾಲೀಕರೇ ಹೊರಗುಳಿಯುವ ಪರಿಸ್ಥಿತಿ ಉಂಟಾಗುತ್ತದೆ. ಗೂಗಲ್ ನೀಡುವ ಬ್ಯಾಕಪ್ ಸಂಕೇತಗಳನ್ನು ಮುಂಚೆಯೇ ಕಾಗದದಲ್ಲಿ ಬರೆದಿಟ್ಟುಕೊಂಡವರಿಗೆ ಈ ತೊಡಕಿಲ್ಲ.

ಅಳಿಸುವಿಕೆ ಕೆಲವೇ ಕ್ಷಣಗಳಲ್ಲಿ ಮುಗಿಯುವುದು ಹಲವರಿಗೆ ಅಚ್ಚರಿಯೆನಿಸುತ್ತದೆ. ಇಂದಿನ ಐಪ್ಯಾಡ್ ಮತ್ತು ಆಂಡ್ರಾಯ್ಡ್ ಸಾಧನಗಳಲ್ಲಿ ಮಾಹಿತಿಯು ಗೂಢಲಿಪೀಕರಣಗೊಂಡೇ ಸಂಗ್ರಹವಾಗುತ್ತದೆ. ಅದನ್ನು ಓದಲು ಬೇಕಾದ ಕೀಲಿಯು ಸಾಧನದ ಒಳಗೇ ಇರುತ್ತದೆ. ಅಳಿಸುವ ಆಜ್ಞೆಯು ಮುಖ್ಯವಾಗಿ ಆ ಕೀಲಿಯನ್ನು ನಾಶಪಡಿಸುತ್ತದೆ. ಪೆಟ್ಟಿಗೆಯೊಳಗಿನ ಕಾಗದಗಳನ್ನು ಒಂದೊಂದಾಗಿ ಸುಡುವ ಬದಲು, ಒಡೆಯಲಾಗದ ಪೆಟ್ಟಿಗೆಯ ಏಕೈಕ ಬೀಗದ ಕೈಯನ್ನು ಕರಗಿಸಿಬಿಟ್ಟಂತೆ ಇದು. ಆದರೆ ಆಂಡ್ರಾಯ್ಡ್ ಸಾಧನಕ್ಕೆ ಹಾಕಿದ ಮೆಮೊರಿ ಕಾರ್ಡಿನಲ್ಲಿರುವ ಮಾಹಿತಿ ಅಳಿಯದೆ ಉಳಿಯಬಹುದು. ಕಾರ್ಡನ್ನು ಹೊರತೆಗೆದು ಬೇರೆಡೆ ಓದುವುದು ಸುಲಭವಾದ್ದರಿಂದ ಖಾಸಗಿ ದಾಖಲೆಗಳಿಗೆ ಅದು ತಕ್ಕ ಸ್ಥಳವಲ್ಲ.

ಜಾಲಸಂಪರ್ಕದ ಮಿತಿ

ಆಜ್ಞೆಯು ತಲುಪಬೇಕಾದರೆ ಸಾಧನಕ್ಕೆ ವಿದ್ಯುತ್ತೂ ಜಾಲಸಂಪರ್ಕವೂ ಇರಬೇಕು. ಇಲ್ಲದಿದ್ದರೆ ಆಜ್ಞೆಯು ಕಾದಿದ್ದು, ಸಾಧನವು ಮುಂದೆ ಅಂತರಜಾಲಕ್ಕೆ ಬಂದಾಗ ಜಾರಿಯಾಗುತ್ತದೆ. ಕೊಡಗಿನಂತಹ ಮಲೆನಾಡಿನ ಜಿಲ್ಲೆಯಲ್ಲಿ ಈ ಮಿತಿ ಬೇಗನೆ ಅನುಭವಕ್ಕೆ ಬರುತ್ತದೆ. ಮುಂಗಾರಿನಲ್ಲಿ ಮರಗಳು ಉರುಳಿ ವಿದ್ಯುತ್ ಕಡಿತಗೊಂಡರೆ ಮೊಬೈಲ್ ಗೋಪುರಗಳೂ ಸ್ತಬ್ಧವಾಗುವುದುಂಟು. 2018ರ ಆಗಸ್ಟ್ ತಿಂಗಳ ಭೂಕುಸಿತದ ವೇಳೆ ಜಿಲ್ಲೆಯ ಅನೇಕ ಊರುಗಳು ಸಂಪರ್ಕ ಕಳೆದುಕೊಂಡಿದ್ದವು. ಉದಾಹರಣೆಗೆ, ಕುಶಾಲನಗರದ ಸಮೀಪದ ಹಾರಂಗಿ ಜಲಾಶಯ ನೋಡಲು ಹೋದವರ ಟ್ಯಾಬ್ಲೆಟ್ ಹಿನ್ನೀರಿಗೆ ಬಿದ್ದಿದ್ದರೆ ಆಜ್ಞೆಯು ಬಹುಶಃ ಎಂದೂ ಜಾರಿಯಾಗದು. ಅಂತಹ ಸಂದರ್ಭದಲ್ಲಿ ಅಪಾಯವೂ ಕಡಿಮೆ. ಬಸ್ಸಿನಲ್ಲಿ ಮರೆತುಹೋಗಿದ್ದರೆ ಕಥೆಯೇ ಬೇರೆ. ಸಿಮ್ ಇಲ್ಲದ, ವೈಫೈ ಮಾತ್ರವಿರುವ ಟ್ಯಾಬ್ಲೆಟ್ ಯಾರಾದರೂ ಅದನ್ನು ತಮ್ಮ ವೈಫೈಗೆ ಜೋಡಿಸುವವರೆಗೆ ಆಜ್ಞೆಯನ್ನು ಸ್ವೀಕರಿಸುವುದಿಲ್ಲ. ಅಷ್ಟರವರೆಗೆ ಮಾಹಿತಿಯನ್ನು ಕಾಯುವುದು ಪರದೆಯ ಬೀಗವೊಂದೇ. ಬೀಗವೇ ಇಲ್ಲದ ಅಥವಾ 1234 ಎಂಬಂತಹ ಸಂಖ್ಯೆಯ ಬೀಗವಿರುವ ಸಾಧನದಲ್ಲಿ ದೂರದ ಆಜ್ಞೆಯನ್ನು ನೆಚ್ಚುವುದು ವ್ಯರ್ಥ.

ಯಾವಾಗ ಅಳಿಸಬೇಕು

ಅಳಿಸಿದ ಆಂಡ್ರಾಯ್ಡ್ ಸಾಧನವನ್ನು ಬಳಿಕ ನಕ್ಷೆಯಲ್ಲಿ ಪತ್ತೆಹಚ್ಚಲಾಗುವುದಿಲ್ಲ. ಹೀಗಾಗಿ ಹುಡುಕುವ ಅವಕಾಶ ಮತ್ತು ಮಾಹಿತಿಯ ರಕ್ಷಣೆ ಇವೆರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಮರೆತು ಬಂದದ್ದೆಂದು ತಿಳಿದಿದ್ದರೆ ಮೊದಲು ಬೀಗ ಹಾಕಿ, ಪರದೆಯ ಮೇಲೆ ಸಂಪರ್ಕಸಂಖ್ಯೆ ಕಾಣುವಂತೆ ಮಾಡುವುದು ಯುಕ್ತ. ಕಳವು ಖಚಿತವಾದಾಗ, ಅಥವಾ ಸಾಧನವು ಅಪರಿಚಿತ ಸ್ಥಳಕ್ಕೆ ಸಾಗುತ್ತಿರುವುದು ಕಂಡಾಗ, ಅಳಿಸಲು ಹಿಂಜರಿಯಬಾರದು.

ಕ್ರಮವೂ ಮುಖ್ಯ. ಸಿಮ್ ಸ್ಥಗಿತಗೊಳಿಸಿದರೆ ಸಾಧನದ ಮೊಬೈಲ್ ಅಂತರಜಾಲವೂ ನಿಲ್ಲುವುದರಿಂದ ಆಜ್ಞೆ ತಲುಪುವ ದಾರಿ ಕಿರಿದಾಗುತ್ತದೆ. ಸ್ಥಗಿತಗೊಳಿಸದಿದ್ದರೆ ಒಟಿಪಿಗಳು ಪರರಿಗೆ ಸಿಗಬಹುದು. ಬೀಗದ ಅಥವಾ ಅಳಿಸುವ ಆಜ್ಞೆ ಕಳುಹಿಸಲು ಕೆಲವೇ ನಿಮಿಷ ಸಾಕಾದ್ದರಿಂದ ಅದನ್ನು ಮೊದಲು ಮಾಡಿ, ಕೂಡಲೇ ಸಿಮ್ ನಿಲ್ಲಿಸುವುದು ಒಳಿತು. ಹಣ ಕಡಿತವಾಗಿದ್ದರೆ ಮಾತ್ರ ಬೇರೆಲ್ಲಕ್ಕಿಂತ ಮೊದಲು ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು.

ಸಿಇಐಆರ್ ಮತ್ತು ಕಾನೂನು

ಭಾರತ ಸರ್ಕಾರದ ಸಿಇಐಆರ್ ವ್ಯವಸ್ಥೆಯು 2023ರ ಮೇ ತಿಂಗಳಲ್ಲಿ ‘ಸಂಚಾರ್ ಸಾಥಿ’ ಜಾಲತಾಣದ ಮೂಲಕ ದೇಶದಾದ್ಯಂತ ಲಭ್ಯವಾಯಿತು. ಪೊಲೀಸ್ ದೂರಿನ ಪ್ರತಿಯೊಂದಿಗೆ ಐಎಂಇಐ ಸಂಖ್ಯೆಯನ್ನು ಸಲ್ಲಿಸಿದರೆ ಆ ಸಾಧನವು ಯಾವುದೇ ಸಿಮ್‌ನಿಂದ ಮೊಬೈಲ್ ಜಾಲಕ್ಕೆ ಸೇರದಂತೆ ತಡೆಯಲಾಗುತ್ತದೆ. ಇದನ್ನು ದತ್ತಾಂಶ ಅಳಿಸುವಿಕೆಯೆಂದು ತಪ್ಪು ತಿಳಿಯುವವರಿದ್ದಾರೆ. ಸಿಇಐಆರ್ ಒಂದು ಅಕ್ಷರವನ್ನೂ ಅಳಿಸುವುದಿಲ್ಲ. ವೈಫೈ ಬಳಕೆಯನ್ನೂ ತಡೆಯುವುದಿಲ್ಲ. ವೈಫೈ ಮಾತ್ರವಿರುವ ಟ್ಯಾಬ್ಲೆಟ್‌ಗೆ ಐಎಂಇಐ ಇರುವುದೇ ಇಲ್ಲ. ಅದರ ದೂರಿನಲ್ಲಿ ಸೀರಿಯಲ್ ಸಂಖ್ಯೆಯನ್ನು ನೀಡಬೇಕಾಗುತ್ತದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಬಳಿಕ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023, ಇತರರ ಮಾಹಿತಿಯನ್ನು ಇಟ್ಟುಕೊಳ್ಳುವ ಸಂಸ್ಥೆಗಳು ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳಬೇಕೆಂದು ವಿಧಿಸುತ್ತದೆ. ತಪ್ಪಿದಲ್ಲಿ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ದುರುಪಯೋಗ

ಅಳಿಸುವ ಅಧಿಕಾರವು ಖಾತೆಯ ಗುಪ್ತಪದವನ್ನು ಹೊಂದಿದವರಿಗೆ ಸೇರಿದ್ದು. ಅಮೆರಿಕದ ಪತ್ರಕರ್ತ ಮ್ಯಾಟ್ ಹೊನನ್ ಅವರ ಖಾತೆಯನ್ನು 2012ರ ಆಗಸ್ಟ್‌ನಲ್ಲಿ ವಶಪಡಿಸಿಕೊಂಡ ಹ್ಯಾಕರ್‌ಗಳು ಅವರ ಐಫೋನ್, ಐಪ್ಯಾಡ್ ಮತ್ತು ಮ್ಯಾಕ್‌ಬುಕ್‌ಗಳನ್ನು ಇದೇ ಸೌಲಭ್ಯದಿಂದ ಅಳಿಸಿಹಾಕಿದರು. ಯಾವ ಸಾಧನವೂ ಕಳೆದಿರಲಿಲ್ಲ. ಬೇರೆಡೆ ಪ್ರತಿ ಇಟ್ಟಿರದ ಕಾರಣ ಮಗಳ ಮೊದಲ ವರ್ಷದ ಚಿತ್ರಗಳೂ ಲ್ಯಾಪ್‌ಟಾಪಿನಿಂದ ಅಳಿಸಿಹೋದವು. ಅವುಗಳನ್ನು ಮರಳಿ ಪಡೆಯಲು ಅವರು ದತ್ತಾಂಶ ಚೇತರಿಕೆಯ ತಜ್ಞರ ಮೊರೆಹೋಗಬೇಕಾಯಿತು.

ಅಳಿಸಿದ ಬಳಿಕ

ಅಳಿಸಿದ ಐಪ್ಯಾಡ್ ಅನ್ನು ಖಾತೆಯ ಪಟ್ಟಿಯಿಂದ ತೆಗೆದುಹಾಕಿದರೆ ಅದರ ‘ಆಕ್ಟಿವೇಶನ್ ಲಾಕ್’ ತೆರವಾಗಿ, ಸಿಕ್ಕವರು ಅದನ್ನು ಹೊಸದರಂತೆ ಬಳಸಬಹುದು. ಆದ್ದರಿಂದ ಸಾಧನ ಸಿಗದಿದ್ದರೂ ಅದನ್ನು ಪಟ್ಟಿಯಲ್ಲೇ ಉಳಿಸಬೇಕು. ಈ ಲಾಕ್ ತೆಗೆಸುವ ಸಲುವಾಗಿಯೇ ಕಳ್ಳರು “ನಿಮ್ಮ ಸಾಧನ ಪತ್ತೆಯಾಗಿದೆ, ಇಲ್ಲಿ ಲಾಗಿನ್ ಆಗಿ” ಎಂಬ ನಕಲಿ ಸಂದೇಶಗಳನ್ನು ಮಾಲೀಕರಿಗೆ ಕಳುಹಿಸುವುದುಂಟು. ಅಂತಹ ಕೊಂಡಿಯಲ್ಲಿ ನಮೂದಿಸಿದ ಗುಪ್ತಪದವು ನೇರವಾಗಿ ಅವರ ಕೈಸೇರುತ್ತದೆ.